ಬಂಗಾರಕ್ಕೂ ಕಣ್ಣಿಗೂ ನಡುವಿನ ಗಾಜು

ನಾನು ಒಂದು ಫಿಲ್ಟರ್ ಗಾಜು. ರೂಪಾಯಿ ನಾಣ್ಯದಷ್ಟು ಅಗಲ, ತಿಳಿಹಸಿರು ಬಣ್ಣ. ಕುಲುಮೆಯಲ್ಲಿ ಕರಗಿ, ಕತ್ತರಿಸಿಕೊಂಡು, ಉಜ್ಜಿಸಿಕೊಂಡು ಹುಟ್ಟಿದವನು. ಲೇಸರ್‌ನ ಕಾಣದ ಬೆಳಕನ್ನು ತಡೆಯುವುದು, ಉಳಿದದ್ದನ್ನು ದಾಟಿಸುವುದು, ಇಷ್ಟೇ ನನಗೆ ಬರುವ ಕೆಲಸ.

ಬಂಗಾರ ಬೆಸೆಯುವ ಲೇಸರ್ ಯಂತ್ರದಲ್ಲಿ, ಸೂಕ್ಷ್ಮದರ್ಶಕದ ಕೆಳಗೆ ನನ್ನನ್ನು ಕೂರಿಸಿದರು. ಗದಗಿನ ಸರಾಫ ಬಜಾರಿನ ಅಕ್ಕಸಾಲಿಗ ಮೌನೇಶಪ್ಪ ಪತ್ತಾರರು ನನ್ನ ಯಜಮಾನರಾದರು. ಅಲ್ಲಿಯವರೆಗೆ ಊದುಗೊಳವೆಯಲ್ಲೇ ಬೆಸೆದವರು. ಯಂತ್ರ ಜೋಡಿಸಲು ಬಂದವನು ಈ ಗಾಜನ್ನು ಯಾವ ಕಾರಣಕ್ಕೂ ತೆಗೆಯಬೇಡಿ ಎಂದು ಹೇಳಿಯೇ ಹೋದ. ಪತ್ತಾರರ ಕಣ್ಣು ದಿನವೂ ನನ್ನ ಮೇಲೆ ಬಾಗುತ್ತಿತ್ತು. ಎಂಥ ಕಣ್ಣು ಅದು! ತಾಮ್ರ ಒಂದು ಗುಲಗಂಜಿಯಷ್ಟು ಹೆಚ್ಚಾದರೂ ಬಣ್ಣದಲ್ಲೇ ಹಿಡಿಯುತ್ತಿತ್ತು. ಅದನ್ನು ಕಾಯುವವನು ನಾನೆಂದು ನನಗೂ ಜಂಭ.

ಆದರೆ ನನ್ನ ಮೂಲಕ ನೋಡಿದರೆ ಬಂಗಾರವೆಲ್ಲ ಹಸಿರು. ಒಮ್ಮೆ ಹಳೆಯ ಬೋರಮಾಳ ಸರ ಬೆಸೆಯುವಾಗ ಬೆಸುಗೆಗೆ ಕರಗಿಸುವ ಕೆಂಬಣ್ಣದ ಬಂಗಾರದ ತಂತಿಯ ಬದಲು ಬಿಳಿಚಿದ ತಂತಿ ಅವರ ಕೈಗೆ ಬಂತು. ನನ್ನಿಂದಾಗಿ ಎರಡೂ ಒಂದೇ ಕಂಡವು. ಬೆಸುಗೆ ಎದ್ದು ಕಂಡಿತು. ಸರದ ಒಡತಿ ಅದನ್ನು ಬಜಾರಿಗೆಲ್ಲ ತೋರಿಸಿಕೊಂಡು ಬಂದಳು. ಪತ್ತಾರರ ಮುಖ ಸಪ್ಪಗಾಯಿತು. ಸಂಜೆ ತಿರುಪು ಬಿಚ್ಚಿ ನನ್ನನ್ನು ಹೊರತೆಗೆದರು.

"ಕಣ್ಣು ಕಾಯ್ತೈತಂತ ಹಾಕ್ಯಾರ, ತಗೀಬ್ಯಾಡ್ರಿ," ಎಂದರು ಹೆಂಡತಿ ಕಾಳಮ್ಮ.

"ಬಂಗಾರದ ಬಣ್ಣಾನ ತಿಳೀಲಿಲ್ಲಂದ್ರ ಪತ್ತಾರಗ ಕಣ್ಣರ ಯಾಕ ಬೇಕು?" ಎಂದರು ಅವರು.

ನನ್ನನ್ನು ಮೇಜಿನ ಮೇಲಿನ ಬಟ್ಟಲಿಗೆ ಹಾಕಿದರು. ಅಲ್ಲಿಂದ ಎಲ್ಲ ಕಾಣುತ್ತಿತ್ತು. ಕಾಣದ ಬೆಳಕು ಬಂಗಾರಕ್ಕೆ ಬಡಿದು ನೇರ ಅವರ ಕಣ್ಣಿಗೆ ಚಿಮ್ಮುತ್ತಿತ್ತು. ನೋವಿಲ್ಲ, ಉರಿಯಿಲ್ಲ, ಅವರಿಗೆ ಎಚ್ಚರವಾಗುವುದಾದರೂ ಹೇಗೆ? ಬೆಸುಗೆಯ ಬಣ್ಣ ಕೂಡಿತೆಂದು ಹಿಗ್ಗುತ್ತಿದ್ದರು. ನಾನು ಬಟ್ಟಲಲ್ಲಿ ಬಿದ್ದು ಸಂಕಟಪಟ್ಟೆ. ಕೂಗಲು ಬಾಯಿಲ್ಲ, ಉರುಳಿ ಹೋಗಿ ಅಡ್ಡ ನಿಲ್ಲಲು ಕಾಲಿಲ್ಲ.

ಒಂದು ದಿನ ಕೈಯಲ್ಲಿದ್ದ ಮೂಗುತಿಯ ನಡುವಿನ ಹರಳು ಎಲ್ಲಿ ಹೋಯಿತೆಂದು ಅವರು ನೆಲವೆಲ್ಲ ಹುಡುಕತೊಡಗಿದರು. ಹರಳು ಇದ್ದಲ್ಲೇ ಇತ್ತು. ದವಾಖಾನೆಯಲ್ಲಿ ಪರೀಕ್ಷಿಸಿ, ನೋಟದ ನಟ್ಟನಡುವೆ ಸುಟ್ಟಿದೆ, ಇನ್ನು ಮರಳಿ ಬಾರದು ಎಂದರು.

ಈಗ ಯಂತ್ರದ ಮುಂದೆ ಕಾಳಮ್ಮ ಕೂರುತ್ತಾರೆ. ಅವರು ಮೊದಲು ಮಾಡಿದ್ದೇ ನನ್ನನ್ನು ಒರೆಸಿ ಮತ್ತೆ ಜಾಗಕ್ಕೆ ಹಾಕಿದ್ದು. ನನಗೂ ವಯಸ್ಸಾಗಿದೆ, ಅಂಚೆಲ್ಲ ಗೀರು. ತಂತಿ ಆರಿಸುವಾಗ ಅವರು ನನ್ನನ್ನು ನೆಚ್ಚುವುದಿಲ್ಲ; ಎದ್ದು ಬಾಗಿಲಿಗೆ ಹೋಗಿ, ಒಡವೆಯನ್ನೂ ತಂತಿಯನ್ನೂ ಬಿಸಿಲಿಗೆ ಹಿಡಿದು ನೋಡಿ ಬರುತ್ತಾರೆ. ಅಷ್ಟು ಮಾಡಿದ್ದರೆ ಸಾಕಿತ್ತು. ಅದು ಆಗ ಯಾರಿಗೂ ಹೊಳೆಯಲಿಲ್ಲ.

ಬಾಗಿಲ ಬಳಿ ಪತ್ತಾರರು ಕೂತಿರುತ್ತಾರೆ. ಬೆಸುಗೆ ಮುಗಿದ ಒಡವೆಯನ್ನು ಬೆರಳಿನಿಂದ ಸವರಿ, "ಬಣ್ಣ ಕೂಡೇತೇನು?" ಎಂದು ಕೇಳುತ್ತಾರೆ.

"ಕೂಡೇತ್ರಿ," ಎನ್ನುತ್ತಾರೆ ಕಾಳಮ್ಮ.

ಸ್ವಲ್ಪ ಹೊತ್ತಿಗೆ ಅವರು ಮತ್ತೆ ಕೇಳುತ್ತಾರೆ.