ಹೆಚ್ಚಿಸಿದ ಅಂಗಡಿ

ಅಕ್ಕಲಕೋಟೆಯ ಗುಡಿಯ ಹಾದಿಯಲ್ಲಿ ಗುರುರಾಜರದು ಸೊಲ್ಲಾಪುರ ಚಾದರಗಳ ಅಂಗಡಿ. ಸಂಜೆ ಶಟರ್ ಎಳೆಯುವಾಗ ಅವರು ‘ಮುಚ್ಚು’ ಎನ್ನುತ್ತಿರಲಿಲ್ಲ, ಅದು ಅಪಶಕುನ. ಆ ಕಡೆಯ ವ್ಯಾಪಾರಸ್ಥರಂತೆ ‘ಹೆಚ್ಚಿಸು’ ಎನ್ನುತ್ತಿದ್ದರು.

ಅಂದು ಮಧ್ಯಾಹ್ನವೇ ಅಂದರು: “ಪೂರ್ವಾ, ಅಂಗಡಿ ಹೆಚ್ಚಿಸವ್ವಾ. ನಾಳಿಂದ ತಗಿಯೂದು ಬ್ಯಾಡ.”

ಗಿರಾಕಿಗಳು ಕಡಿಮೆಯಾಗಿ ಬಹಳ ಕಾಲವಾಗಿತ್ತು. ಆದರೂ ಮಗಳು ಮೊಬೈಲಿನಿಂದ ತಲೆ ಎತ್ತಲಿಲ್ಲ. ಪರದೇಶಕ್ಕೆ ಮಾರುವ ಜಾಲತಾಣದಲ್ಲಿ ಚಾದರದ ಫೋಟೋ ಏರಿಸಿ, ಬೆಲೆ ರೂಪಾಯಿಯಲ್ಲಿ ಇಡುವುದೋ ಡಾಲರಿನಲ್ಲೋ, ವಿಮಾನದಲ್ಲಿ ಕಳಿಸುವುದೋ ಹಡಗಿನಲ್ಲೋ ಎಂದು ತಿಳಿಯದೆ ಕುಳಿತಿದ್ದಳು.

“ಅಪ್ಪಾ, ವಿಮಾನದಾಗ ಕಳಿಸಿದ್ರ ಚಾದರಕಿಂತ ಭಾಡಾನ ಜಾಸ್ತಿ ಆಗ್ತದ.”

“ಭಾರೀ ನಸೀಬಿನ ಚಾದರ ಬಿಡು! ನಾನ ಇನ್ನೂ ವಿಮಾನ ಹತ್ತಿಲ್ಲ.” ಅವರು ನಕ್ಕರು. ನಗು ಬೇಗ ಆರಿತು. “ಹಡಗಿನಾಗ ಹೋದ್ರ ತಡಾ ಆಗ್ತದ. ಅಲ್ಲೀ ತನಕ ಯಾರು ಕಾಯ್ತಾರವ್ವಾ?”

“ಚಳಿ ಬರೂಕಿಂತ ಮೊದಲ ತಗೊಳ್ಳೋರು ಕಾಯ್ತಾರ.”

ಗುರುರಾಜರು ಎದ್ದು ಶಟರಿಗೆ ಕೈ ಹಾಕಿದರು. ಅದು ಕಿರುಗುಟ್ಟುತ್ತ ಅರ್ಧ ಇಳಿಯಿತು, ಒಳಗೆ ಕತ್ತಲಾಯಿತು. ಕೊಳ್ಳುವವರಿಗೆ ಬೆಲೆ ಕಂಡೊಡನೆ ತಿಳಿಯಲೆಂದು ಪೂರ್ವಾ ಡಾಲರ್ ಆರಿಸಿದಳು. ಹಡಗು ಆರಿಸಿದಳು. ಯಾವ ದೇಶಗಳಿಗೆ ಎಂದು ಕೇಳಿದಲ್ಲಿ, ಎಲ್ಲ ದೇಶಗಳಿಗೆ ಎಂದು ಒತ್ತಿದಳು.

“ಹೆಚ್ಚಿಸೀನಿ, ಅಪ್ಪಾ,” ಅಂದಳು.

ಆ ಮಾತು ತಮ್ಮದೇ, ಅರ್ಥ ಮಾತ್ರ ಬೇರೆ ಎಂದು ತಿಳಿಯಲು ಗುರುರಾಜರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವರು ಎರಡೂ ಕೈಯಿಂದ ಶಟರನ್ನು ಮೇಲಕ್ಕೆ ತಳ್ಳಿದರು.