ಬಚ್ಚಲಿಗೆ ಸುರಿದ ಶೇಕ್

ಮಾಸ್ತರು ಶೇಕ್ ಮಾಡುವಾಗ ಯಾರೂ ಅವರನ್ನು ಮಾತಾಡಿಸುವಂತಿರಲಿಲ್ಲ. ಭಾರ ಎತ್ತುವವರ ಶೆಡ್ಡಿನ ಮೂಲೆಯಲ್ಲಿ, ಕಾಲು ಅಲುಗಾಡುವ ಮೇಜಿನ ಮೇಲೆ ಮಿಕ್ಸಿ ಇಟ್ಟುಕೊಂಡು, ತೋಳು ಮಡಚಿ ನಿಂತರೆಂದರೆ ಆಪರೇಷನ್‌ಗೆ ನಿಂತ ಡಾಕ್ಟರ ಗತ್ತು. ಹಾಲು, ಸಿಪ್ಪೆಗೆ ಚುಕ್ಕೆ ಬಿದ್ದ ಬಾಳೆಹಣ್ಣು, ಹುರಿದ ಕಡಲೆಕಾಯಿ ಬೀಜ, ನೆನೆಸಿದ ಖರ್ಜೂರ, ಚಿಟಿಕೆ ಉಪ್ಪು. ಕೊನೆಗೆ ದೊಡ್ಡ ಡಬ್ಬಿಯಿಂದ ಪ್ರೋಟೀನ್ ಪುಡಿ. ಅರೆಗಾಯಿ ಬಾಳೆಹಣ್ಣು ಕೊಟ್ಟ ಅಂಗಡಿಯವನಿಗೆ “ಇದನ್ನ ನಿಮ್ಮ ಮಾವನಿಗೆ ತಿನ್ನಿಸಪ್ಪ” ಅಂತ ಗೊನೆಯನ್ನೇ ವಾಪಸು ಕೊಟ್ಟು ಬಂದಿದ್ದು ಇಡೀ ಬೀದಿಗೆ ಗೊತ್ತಿತ್ತು. ಕಸರತ್ತು ಮುಗಿದ ಅರ್ಧ ಗಂಟೆಯೊಳಗೆ ಅದು ಹೊಟ್ಟೆಗೆ ಬೀಳಬೇಕು, ಬೀಳದಿದ್ದರೆ ದಣಿದ ಮೈ ತನ್ನನ್ನು ತಾನೇ ತಿನ್ನತೊಡಗುತ್ತದೆ ಎನ್ನುತ್ತಿದ್ದರು. ಗುಟುಕು ಗುಟುಕಾಗಿ, ನಡೆಯುತ್ತಾ ಕುಡಿಯಬೇಕು. ಗಟಗಟ ಇಳಿಸಿದರೆ ವ್ಯರ್ಥ.

ಈ ಎಲ್ಲ ಸಂಭ್ರಮ ಒಬ್ಬಳಿಗೋಸ್ಕರ. ಅವರ ಮಗಳನ್ನು ಮನೆಯಲ್ಲೂ ಶೆಡ್ಡಿನಲ್ಲೂ ಪುಟ್ಟಿ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಅಂಗೈಯಷ್ಟು ಇದ್ದಳಂತೆ. ಈಗ ಗಂಡಸರೂ ಒಮ್ಮೆ ಯೋಚಿಸಿ ಮುಟ್ಟುವ ಕಬ್ಬಿಣವನ್ನು ತಲೆಯ ಮೇಲೆತ್ತಿ ನಿಲ್ಲುತ್ತಾಳೆ, ಆದರೂ ಪುಟ್ಟಿಯೇ.

ಮಾಸ್ತರ ಲೆಕ್ಕಾಚಾರ ಸರಳವಾಗಿತ್ತು. ಪುಟ್ಟಿಯ ತೂಕದ ವರ್ಗದಲ್ಲಿ ಗಟ್ಟಿಗಿತ್ತಿಯರು ಸಾಲುಗಟ್ಟಿ ನಿಂತಿದ್ದರು. ಅದರ ಮೇಲಿನ ವರ್ಗ ಖಾಲಿ ಹೊಡೆಯುತ್ತಿತ್ತು. “ಅರವತ್ನಾಲ್ಕು ಕಿಲೋ ದಾಟಿಬಿಡು ಮಗಳೇ, ಆಮೇಲೆ ನಿನ್ನ ಮುಂದೆ ಯಾರಿದ್ದಾರೆ?” ಆಯ್ಕೆ ಸ್ಪರ್ಧೆಗೆ ಮೇಲಿನ ವರ್ಗದಲ್ಲೇ ಅವಳ ಹೆಸರು ಕೊಟ್ಟು ಬಂದರು. ಗೆದ್ದರೆ ತರಬೇತಿ ಶಿಬಿರ, ಒಂದು ವರ್ಷ, ಊಟ ವಸತಿ ಎಲ್ಲ ಅಲ್ಲೇ. ತಮ್ಮ ಕಾಲದಲ್ಲಿ ಆ ಶಿಬಿರದ ಬಾಗಿಲವರೆಗೂ ಹೋಗಿ ವಾಪಸು ಬಂದವರು ಅವರು. ದಿನಾ ತೂಕ ನೋಡಿಕೊಂಡು ನೋಡಿಕೊಂಡು ತಲೆ ಕೆಟ್ಟು ಸೋತೆ ಅನ್ನುವುದು ಅವರ ವಾದ. ಹಾಗಾಗಿ ಅವರ ಶೆಡ್ಡಿನಲ್ಲಿ ಒಂದು ಕಟ್ಟಳೆ: ಸ್ಪರ್ಧೆಗೆ ತಿಂಗಳಿರುವಾಗ ತೂಕದ ಯಂತ್ರಕ್ಕೆ ಗೋಣಿಚೀಲ ಹೊದಿಸಿ, ಬೀರುವಿಗೆ ಹಾಕಿ ಬೀಗ. ಯಾರೂ ಹತ್ತಕೂಡದು, ಸ್ವತಃ ಮಾಸ್ತರೂ ಕೂಡ.

ಪುಟ್ಟಿಗೆ ಶಿಬಿರ ಬೇಡವಾಗಿತ್ತು. ಮೇಲಿನ ವರ್ಗವೂ ಬೇಡ, ಕೆಳಗಿನದೂ ಬೇಡ. ಕಬ್ಬಿಣವೇ ಸಾಕಾಗಿ ಹೋಗಿತ್ತು.

ಹಗಲಿಡೀ ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಗಾಜನ್ನು ಚೌಕಟ್ಟಿನ ಆಕಾರಕ್ಕೆ ಉಜ್ಜುವುದು, ಸಾಸಿವೆ ಕಾಳಿಗಿಂತ ಚಿಕ್ಕ ತಿರುಪನ್ನು ಕಡ್ಡಿಯ ಸಂದಿಗೆ ಕೂರಿಸುವುದು. ಮುದುಕರು ಹೊಸ ಕನ್ನಡಕ ಹಾಕಿಕೊಂಡು ಕನ್ನಡಿಯ ಕಡೆ ನೋಡದೆ ಎದುರು ಗೋಡೆಯ ಗಡಿಯಾರ ನೋಡಿ “ಓಹೋ” ಎನ್ನುತ್ತಾರಲ್ಲ, ಆ ಕ್ಷಣಕ್ಕೆ ಅವಳಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು. ಆದರೆ ಹಿಂದಿನ ಸಂಜೆ ಭಾರ ಎತ್ತಿದ ಬೆರಳು ಬೆಳಿಗ್ಗೆ ನಡುಗುತ್ತಿದ್ದವು, ತಿರುಪು ನೆಲಕ್ಕುರುಳಿ ಮಾಯವಾಗುತ್ತಿತ್ತು. ಅಂಗಡಿಯ ಯಜಮಾನಿ ಬೇರೆ ಊರಲ್ಲಿ ಇನ್ನೊಂದು ಅಂಗಡಿ ತೆರೆಯುವವಳಿದ್ದಳು. “ನೀನೇ ನೋಡ್ಕೊ, ಮೇಲೆ ಒಂದು ಕೋಣೆನೂ ಇದೆ. ಆದ್ರೆ ಬೇಗ ಹೇಳು, ಸುಮ್ನೆ ಕಾಯೋಕಾಗಲ್ಲ” ಎಂದಿದ್ದಳು. ಆ ಕೋಣೆಯನ್ನು ಪುಟ್ಟಿ ಮನಸ್ಸಿನಲ್ಲೇ ಗುಡಿಸಿ, ಸಾರಿಸಿ, ಕಿಟಕಿಗೆ ಪರದೆ ಕಟ್ಟಿಯೂ ಆಗಿತ್ತು.

ಅಪ್ಪನಿಗೆ ಹೇಳಿಬಿಡಬಹುದಿತ್ತಲ್ಲ ಅಂತ ಕೇಳುವವರು ಮಾಸ್ತರ ಮನೆಯಲ್ಲಿ ಒಂದು ದಿನ ಇದ್ದು ನೋಡಬೇಕು. ಬೈಯುವ ಅಪ್ಪನಾದರೆ ಎದುರು ಬೀಳಬಹುದು. ಇವರು ಬೈಯುವವರೇ ಅಲ್ಲ. ಮಗಳ ಅಂಗೈ ಬಿರಿದರೆ ಮುಲಾಮು ಹಿಡಿದು ಕೂರುವವರು, ಅವಳ ಬೂಟಿನ ಲೇಸನ್ನು ತಾವೇ ಕಟ್ಟುವವರು. ಹೇಳಬೇಕೆಂದು ಪುಟ್ಟಿ ಎಷ್ಟೋ ಸಲ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಅವರು ಶೇಕ್ ಬಾಟಲಿ ಅವಳ ಕೈಗಿಟ್ಟು, “ಇವತ್ತು ಖರ್ಜೂರ ಎರಡು ಜಾಸ್ತಿ ಹಾಕಿದೀನಿ” ಎಂದು ಕಣ್ಣು ಮಿಟುಕಿಸುತ್ತಿದ್ದರು. ತೆರೆದ ಬಾಯಿಗೆ ಬಾಟಲಿ ಹೋಗುತ್ತಿತ್ತು.

ಕೊನೆಗೆ ಅವಳಿಗೆ ಒಂದು ಉಪಾಯ ಹೊಳೆಯಿತು. ಅರವತ್ನಾಲ್ಕು ದಾಟದಿದ್ದರೆ ತೂಕದ ದಿನವೇ ಸ್ಪರ್ಧೆಯಿಂದ ಹೊರಗೆ. ತಾನು ಬೇಡ ಅನ್ನಬೇಕಾಗಿಲ್ಲ, ಯಂತ್ರವೇ ಅಂದುಬಿಡುತ್ತದೆ. ಯಾರ ತಪ್ಪೂ ಇಲ್ಲ.

ಅಂದಿನಿಂದ ಶೇಕ್ ಬಚ್ಚಲು ಸೇರತೊಡಗಿತು. ಶೆಡ್ಡಿನಿಂದ ಮನೆಗೆ ಬರುವ ದಾರಿಯಲ್ಲಿ ಬಾಟಲಿಯನ್ನು ತುಟಿಗೆ ತಾಗಿಸಿ ತಾಗಿಸಿ ನಡೆದು, ಬಚ್ಚಲ ಬಾಗಿಲು ಹಾಕಿಕೊಂಡು ಸುರಿದುಬಿಡುತ್ತಿದ್ದಳು. ಒಂದು ದಿನ ಚಿಲಕ ಸರಿಯಾಗಿ ಬೀಳದೆ ಅಮ್ಮ ಒಳಗೆ ಬಂದುಬಿಟ್ಟಳು. ಅಮ್ಮ ನೆಲ ನೋಡಿದಳು, ಬಾಟಲಿ ನೋಡಿದಳು.

“ಅಮ್ಮಾ, ನಂಗೆ ಇದು ಬೇಡ. ಎತ್ತೋದೂ ಬೇಡ. ಕನ್ನಡಕದ ಅಂಗಡಿಗೆ ಹೋಗ್ತೀನಿ. ಅಪ್ಪಂಗೆ ಹೇಳೋಕೆ ಆಗ್ತಿಲ್ಲ” ಎಂದು ಒಂದೇ ಉಸಿರಿನಲ್ಲಿ ಒದರಿದಳು.

“ಹಾಗೇ ಬಿಟ್ರೆ ಹಾಲು ಹುಳಿ ವಾಸನೆ ಹೊಡೆಯತ್ತೆ ಕಣೇ. ಒಂದು ಬಕೆಟ್ ನೀರು ಬಿಡು” ಎಂದಳು ಅಮ್ಮ. ತಾನೇ ಬಾಟಲಿ ತೊಳೆದು ಬೋರಲು ಹಾಕಿದಳು.

ಪುಟ್ಟಿಗೆ ಅಳು ಬಂದುಬಿಟ್ಟಿತು. ಈ ಮನೆಯಲ್ಲಿ ತನ್ನ ಕಡೆಗೆ ಒಬ್ಬರಾದರೂ ಇದ್ದಾರಲ್ಲ ಎಂದು ಅಂದು ನೆಮ್ಮದಿಯಾಗಿ ನಿದ್ದೆ ಮಾಡಿದಳು. ಆಮೇಲೆ ದಿನಾ ಅಮ್ಮನೇ ಬಕೆಟ್ ತುಂಬಿಸಿಟ್ಟಿರುತ್ತಿದ್ದಳು. ಊಟದ ಹೊತ್ತಿಗೆ ಮಾತ್ರ, “ಅದನ್ನಂತೂ ಕುಡಿಯಲ್ಲ, ಗಂಜಿನಾದ್ರೂ ನೆಟ್ಟಗೆ ಕುಡಿ” ಎಂದು ಬಟ್ಟಲಿಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು. ಗಂಜಿ ಇತ್ತೀಚೆಗೆ ಗಟ್ಟಿಯಾಗಿರುತ್ತಿತ್ತು. ರೊಟ್ಟಿ ಎರಡು ತಿಂದರೆ ಸಾಕೆನಿಸುತ್ತಿತ್ತು. ಪ್ಯಾಂಟಿನ ಗುಂಡಿ ಬಿಗಿಯಾದಾಗ ಪುಟ್ಟಿಗೆ ಕೊಂಚ ಗಾಬರಿಯಾಯಿತು. “ಒಗೆದೂ ಒಗೆದೂ ಬಟ್ಟೆ ಕುಗ್ಗಿದೆ ಬಿಡು. ನನ್ನ ರವಿಕೆನೂ ಹಾಗೇ ಆಗಿದೆ” ಎಂದಳು ಅಮ್ಮ. ಅದು ನಿಜವೇ, ಅವಳೂ ರವಿಕೆಯ ಹೊಲಿಗೆ ಬಿಚ್ಚಿಕೊಂಡು ಕೂತಿದ್ದಳು. ನೋಡೋಣವೆಂದರೆ ತೂಕದ ಯಂತ್ರ ಬೀಗದೊಳಗಿತ್ತು. ಕೊನೆಯ ಎರಡು ದಿನ ಪುಟ್ಟಿ ಹೊಟ್ಟೆ ಸರಿಯಿಲ್ಲವೆಂದು ಬರೀ ನೀರು ಕುಡಿದು ಹಲ್ಲು ಕಚ್ಚಿಕೊಂಡಿದ್ದಳು.

ಸ್ಪರ್ಧೆಯ ದಿನ ತೂಕದ ಕೋಣೆಗೆ ಗಂಡಸರಿಗೆ ಪ್ರವೇಶವಿರಲಿಲ್ಲ. ಮಾಸ್ತರು ಹೊರಗೆ ಕಾರಿಡಾರಿನಲ್ಲಿ ಬಾಟಲಿ ಹಿಡಿದು ನಿಂತರು. ಅಮ್ಮ ಬಟ್ಟೆ ಹಿಡಿದುಕೊಳ್ಳಲು ಒಳಗೆ ಬಂದಳು. ತಣ್ಣನೆಯ ನೆಲ, ಕಿಟಕಿಗೆ ಅಂಟಿಸಿದ ಕಾಗದ, ಮೇಜಿನ ಹಿಂದೆ ನಿದ್ದೆಗಣ್ಣಿನ ಒಬ್ಬ ಅಧಿಕಾರಿಣಿ. ಪುಟ್ಟಿ ಒಳ ಉಡುಪಿನಲ್ಲಿ ಯಂತ್ರ ಹತ್ತಿದಳು. ಹಸಿವಿನಿಂದ ತಲೆ ಹಗುರವಾಗಿತ್ತು, ಮೈಯೂ ಹಾಗೇ ಇದ್ದೀತೆಂದು ಖಾತ್ರಿಯಿತ್ತು.

“ಅರವತ್ತೈದು ಕಿಲೋ ಇನ್ನೂರು” ಎಂದಳು ಅಧಿಕಾರಿಣಿ. “ಸರಿಯಾಗಿದೆ. ಮುಂದಿನವರು ಬರಲಿ.”

ಪುಟ್ಟಿ ಇಳಿಯಲಿಲ್ಲ. ಯಂತ್ರ ಕೆಟ್ಟಿದೆಯೇನೋ ಎಂದು ಇನ್ನೊಮ್ಮೆ ನೋಡಿದಳು. ಆಮೇಲೆ ಅಮ್ಮನ ಕಡೆ ತಿರುಗಿದಳು. ಅಮ್ಮ ಮಗಳ ಅಂಗಿಯನ್ನು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಚುತ್ತಿದ್ದಳು. ಬಿಚ್ಚಿ ಹೊಲಿದಿದ್ದ ರವಿಕೆಯ ತೋಳು ಆಗಲೇ ಮತ್ತೆ ಬಿಗಿದಿತ್ತು. ಪುಟ್ಟಿಗೆ ಎಲ್ಲ ಹೊಳೆದುಹೋಯಿತು.

“ಗಂಜಿಗೆ ಆ ಪುಡಿ ಹಾಕ್ತಿದ್ಯಾ?” ಗೋಡೆಯ ಕಡೆಗೆ ಅಮ್ಮನನ್ನು ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು.

“ರೊಟ್ಟಿ ಹಿಟ್ಟಿಗೂ” ಎಂದಳು ಅಮ್ಮ. “ನಿಂಗೊಬ್ಬಳಿಗೆ ಬೇರೆ ಮಾಡಿದ್ರೆ ಗೊತ್ತಾಗ್ತಿತ್ತು. ಅದಕ್ಕೆ ಮೂವರೂ ತಿಂದ್ವಿ.”

“ಅಪ್ಪ ಹೇಳಿದ್ರಾ?”

“ಅವರಿಗೆ ಏನೂ ಗೊತ್ತಿಲ್ಲ. ಪುಡಿ ನಾನೇ ತಂದಿದ್ದು.”

“ನನ್ನ ಜೊತೆ ನಿಂತು ಬಚ್ಚಲಿಗೆ ನೀರು ಬಿಟ್ಯಲ್ಲಮ್ಮ!”

ಅಮ್ಮ ಅಂಗಿಯನ್ನು ಅವಳ ಹೆಗಲಿಗೆ ಹಾಕಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. “ನೀನು ಅಂಗಡಿಗೆ ಹೋಗ್ತೀಯ, ಮೇಲೆ ಕೋಣೆ ಇದೆ ಅಂತೀಯ. ನಂಗೆಲ್ಲಿದೆ ಕೋಣೆ? ಅವರು ಸೋತು ಬಂದ ವರ್ಷ ನನ್ನ ಮದುವೆ ಆಯ್ತು. ನೀನು ಎತ್ತೋಕೆ ಶುರು ಮಾಡೋವರೆಗೂ ಆ ಮನುಷ್ಯ ಗೋಡೆ ನೋಡ್ಕೊಂಡು ಕೂತಿರೋರು, ನಾನು ಅವರನ್ನ ನೋಡ್ಕೊಂಡು. ಇನ್ನೊಂದು ಸಲ ಹಾಗೆ ಕೂರೋಕೆ ನನ್ನ ಕೈಲಾಗಲ್ಲ ಪುಟ್ಟಿ.”

“ನಂಗೆ ಹೇಳಬಹುದಿತ್ತು.”

“ನೀನು ನಿಮ್ಮಪ್ಪಂಗೆ ಹೇಳಿದ್ಯಾ?”

ಪುಟ್ಟಿ ಸರಸರನೆ ಗುಂಡಿ ಹಾಕಿಕೊಂಡಳು. ಸಿಟ್ಟು ಬಂದಿತ್ತು, ಅಮ್ಮನ ಮೇಲೆ ಅರ್ಧ, ತನ್ನ ಮೇಲೆ ಅರ್ಧ. ಆ ಸಿಟ್ಟು ಆರುವ ಮೊದಲೇ ಹೇಳಿಬಿಡಬೇಕೆಂದು ಬಾಗಿಲು ತೆಗೆದು ನೇರ ಅಪ್ಪನ ಎದುರು ನಿಂತಳು.

ಮಾಸ್ತರು ಅವಳ ಮುಖ ನೋಡಲಿಲ್ಲ, ಹಿಂದೆ ಬಂದ ಹೆಂಡತಿಯ ಮುಖ ನೋಡಿದರು. ಅವಳು ತಲೆಯಾಡಿಸಿದಳು. ಅಷ್ಟಕ್ಕೇ ಅವರ ಕಣ್ಣು ತುಂಬಿ ಬಂತು. “ದಾಟಿದ್ಳಾ! ನಂಗೊತ್ತಿತ್ತು ಕಣೇ! ನಂಗೊತ್ತಿತ್ತು!”

“ಅಪ್ಪಾ, ನಾನು ಎತ್ತಲ್ಲ” ಎಂದಳು ಪುಟ್ಟಿ.

ಹೇಳಿಯೇಬಿಟ್ಟಳು. ಕಾರಿಡಾರಿನಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು.

ಮಾಸ್ತರು ನಕ್ಕರು. ತುಂಬ ಪ್ರೀತಿಯಿಂದಲೇ ನಕ್ಕರು. “ಈ ಹೊತ್ತಲ್ಲಿ ಭಯಕ್ಕೆ ಎಲ್ಲರೂ ಅನ್ನೋದೇ ಅದು. ನಾನೂ ಅಂದಿದ್ದೆ. ಎರಡು ದಿನದಿಂದ ಹೊಟ್ಟೆಗೇನೂ ಇಲ್ವಲ್ಲ, ಅದಕ್ಕೇ ಕೈಕಾಲಲ್ಲಿ ಶಕ್ತಿ ಇಲ್ಲ.” ಬಾಟಲಿ ಗಲಗಲ ಅಲುಗಾಡಿಸಿ ಮುಚ್ಚಳ ತೆಗೆದರು.

“ಭಯ ಅಲ್ಲಪ್ಪ. ನಂಗೆ ಇದು ಇಷ್ಟ ಇಲ್ಲ. ಯಾವತ್ತಿಗೂ ಎತ್ತಲ್ಲ.”

“ಆಯ್ತು ತಾಯಿ, ಯಾವತ್ತಿಗೂ ಬೇಡ. ಮೊದ್ಲು ಇದನ್ನ ಕುಡಿ, ಆಮೇಲೆ ಬೈಯುವೆಯಂತೆ.”

ಪುಟ್ಟಿ ಅಮ್ಮನ ಕಡೆ ನೋಡಿದಳು. ‘ಅವಳು ನಿಜ ಹೇಳ್ತಿದಾಳೆ ಕಣ್ರೀ’ ಎಂದು ಅಮ್ಮ ಒಂದು ಮಾತು ಅಂದರೆ ಸಾಕಿತ್ತು. ಅಮ್ಮ ಹೇಳಿದರೆ ಅವರು ನಂಬುತ್ತಿದ್ದರು. ಅಮ್ಮ ಸೆರಗಿನಿಂದ ತನ್ನ ಕುತ್ತಿಗೆ ಒರೆಸಿಕೊಂಡಳು.

“ಕುಡಿಯೇ” ಎಂದಳು. “ಪಾಪ, ಆಗಿನಿಂದ ಹಿಡ್ಕೊಂಡೇ ನಿಂತಿದಾರೆ.”

ಬಾಟಲಿ ತಾನಾಗಿ ಅವಳ ಕೈಗೆ ಬಂದಿತ್ತು. ಬಾಳೆಹಣ್ಣಿನ ವಾಸನೆ, ಹುರಿದ ಬೀಜದ ಘಮ ಮೂಗಿಗೆ ಬಡಿಯಿತು. ನೆಲಕ್ಕೆ ಸುರಿದುಬಿಡಬೇಕೆಂದು ಪುಟ್ಟಿ ನಿಜವಾಗಿಯೂ ಅಂದುಕೊಂಡಳು. ಕೈ ಮೇಲಕ್ಕೇ ಹೋಯಿತು. ಒಂದು ಗುಟುಕು, ಇನ್ನೊಂದು, ಆಮೇಲೆ ಗಟಗಟ, ಮೂಗಿನಲ್ಲಿ ಉಸಿರು ಬಿಡುತ್ತಾ, ಗಲ್ಲದ ಮೇಲೆ ಇಳಿದಿದ್ದನ್ನು ಬೆರಳಿನಿಂದ ಬಳಿದು ನೆಕ್ಕುತ್ತಾ ಕುಡಿದಳು. ಇಷ್ಟು ಹಸಿವಾಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ.