ಅಕ್ಕ ನಂಬಿದ ಕಣ್ಣು

ಕರುಳಿನ ಡಾಕ್ಟರಿಗೆ ಒಂದು ಕಾಲಕ್ಕೆ ಹದ್ದಿನ ಕಣ್ಣು ಎಂದೇ ಹೆಸರು. ಕ್ಯಾಮೆರಾ ಕೊಳವೆಯನ್ನು ದೊಡ್ಡ ಕರುಳಿನ ತುದಿಯವರೆಗೆ ತೂರಿಸಿ, ಹಿಂದಕ್ಕೆಳೆಯುತ್ತ ಬರುವಾಗ ಒಂದೊಂದು ಮಡಿಕೆಯನ್ನೂ ಬಿಡಿಸಿ ನೋಡುತ್ತಿದ್ದ. ಆಮೇಲೆ ಕೃತಕ ಬುದ್ಧಿಯ ಯಂತ್ರ ಬಂತು. ಪರದೆಯಲ್ಲಿ ಗಂಟು ಕಂಡಲ್ಲೆಲ್ಲ ಅದು ಹಸಿರು ಚೌಕ ಬರೆದು ಟಿಂಗ್ ಎನ್ನುತ್ತಿತ್ತು. ಒಳ್ಳೆಯ ಯಂತ್ರವೇ, ಸುಳ್ಳು ಹೇಳಬಾರದು. ಅವನಿಗೂ ತಪ್ಪುತ್ತಿದ್ದ ಸಣ್ಣ ಗಂಟುಗಳನ್ನು, ಮುಂದೆ ಕ್ಯಾನ್ಸರ್ ಆಗುವಂಥವನ್ನು, ಹಿಡಿದುಕೊಡುತ್ತಿತ್ತು. ಬರಬರುತ್ತ ಈ ಮಹಾಶಯ ನೋಡುವುದನ್ನು ಬಿಟ್ಟು ಟಿಂಗ್ ಎನ್ನುವುದನ್ನು ಕಾಯತೊಡಗಿದ. ಕೊಳವೆ ಎಳೆಯುತ್ತಲೇ ನರ್ಸಮ್ಮನ ಜೊತೆ ಹರಟೆ ಹೊಡೆಯುವಷ್ಟು ಹಾಯಾಗಿದ್ದ.

ಅಪ್ಪ ಕರುಳಿನ ಕ್ಯಾನ್ಸರಿನಲ್ಲೇ ಹೋಗಿದ್ದರಿಂದ, ತನ್ನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕನನ್ನು ಅವನೇ ಬಲವಂತ ಮಾಡಿ ಪರೀಕ್ಷೆಗೆ ಕರೆಸಿದ. ಹೊಟ್ಟೆ ತೊಳೆಯುವ ಔಷಧಿ ಕುಡಿದು ಕಕ್ಕಸಿಗೂ ಹಾಸಿಗೆಗೂ ಓಡಾಡಿ ಸುಸ್ತಾಗಿದ್ದರೂ ಅವಳ ನಾಲಿಗೆ ಮಾತ್ರ ಚುರುಕಾಗಿತ್ತು.

"ನಿನ್ನ ಆ ಟಿಂಗ್ ಅನ್ನೋ ಪೆಟ್ಟಿಗೆ ಗಿಟ್ಟಿಗೆ ಬೇಡ ಕಣೋ. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನನಗೆ ಅದೇ ಮದ್ದು. ನೀನು ಕಣ್ಣಾರೆ ನೋಡು, ಸಾಕು."

"ಮಂಪರು ಬಂದ್ಮೇಲೆ ಹಾಕೋಣ ಸಾರ್, ಅವರಿಗೆ ಗೊತ್ತಾಗಲ್ಲ," ಎಂದು ನರ್ಸಮ್ಮ ಪಿಸುಗುಟ್ಟಿದಳು. ಆದರೆ ಅಕ್ಕನ ಮಾತು ಅವನನ್ನು ಅಟ್ಟಕ್ಕೇರಿಸಿಬಿಟ್ಟಿತ್ತು. "ಬೇಡ, ಆರಿಸಿ," ಎಂದ.

ಕೊಳವೆ ಎಳೆಯುತ್ತ ಬಂದ. ಟಿಂಗ್ ಎನ್ನಲಿಲ್ಲ. ಎನ್ನುವುದಾದರೂ ಹೇಗೆ, ಯಂತ್ರ ಆರಿತ್ತಲ್ಲ! ಸದ್ದಿಲ್ಲದಿದ್ದರೆ ಏನೂ ಇಲ್ಲ ಎಂದು ರೂಢಿಯಾಗಿದ್ದ ಅವನ ತಲೆಗೆ ಅದು ಹೊಳೆಯಲೇ ಇಲ್ಲ. ಮಡಿಕೆಗಳು ಕಣ್ಣ ಮುಂದೆಯೇ ಜಾರಿಹೋದವು.

ಮಂಪರು ಇಳಿದ ಮೇಲೆ, "ಎಲ್ಲಾ ಸರಿಯಾಗಿದೆ ಅಕ್ಕಾ," ಎಂದ. ಅಕ್ಕ ನರ್ಸಮ್ಮನ ಕಡೆ ನೋಡಿ ಹೆಮ್ಮೆಯಿಂದ ನಕ್ಕಳು.

ಎರಡು ವರ್ಷಕ್ಕೆ ಅವಳಿಗೆ ರಕ್ತ ಹೋಗತೊಡಗಿತು. ನೋಡಿದರೆ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು. ಬಾಗಿಲು ಹಾಕಿಕೊಂಡು ಅವನು ಅಂದಿನ ಪರೀಕ್ಷೆಯ ವಿಡಿಯೊವನ್ನು ಯಂತ್ರಕ್ಕೆ ಉಣಿಸಿದ. ಬಲಗಡೆಯ ತಿರುವಿನಲ್ಲಿ ಟಿಂಗ್ ಎಂದಿತು. ಚೌಕವನ್ನು ಅಳಿಸಿ ಮತ್ತೆ ನೋಡಿದ. ಚಪ್ಪಟೆಯಾದ, ಬೆರಳಿನ ಉಗುರಿನಷ್ಟಗಲದ ಗಂಟು ಢಾಳಾಗಿ ಕಾಣುತ್ತಿತ್ತು. ಯಂತ್ರ ಬರುವ ಮೊದಲು ಇಂಥದ್ದನ್ನು ಅವನು ಎಷ್ಟು ಹಿಡಿದಿದ್ದನೋ. ಮೇಜಿಗೆ ಹಣೆ ಹಚ್ಚಿ ಬಿಕ್ಕಿಬಿಕ್ಕಿ ಅತ್ತ.

ವಾರ್ಡಿನಲ್ಲಿ ಅಕ್ಕನ ಮಗಳು ಅವನನ್ನು ನುಂಗುವಂತೆ ನೋಡಿದಳು. "ಮಾವ, ನೀವೇ ತಾನೆ ನೋಡಿದ್ದು?"

ಅವನಿಗಿಂತ ಮೊದಲು ಅಕ್ಕನೇ ಬಾಯಿ ಹಾಕಿದಳು. "ಅವನನ್ನ ಯಾಕೇ ಅಂತೀಯಾ? ಯಂತ್ರ ಬೇಡ ಅಂತ ಹಟ ಹಿಡಿದವಳು ನಾನು. ಮಾಡಿದ್ದುಣ್ಣೋ ಮಹರಾಯ ಅಂತ ಸುಮ್ನೆ ಹೇಳ್ತಾರಾ? ಅಲ್ವೇನೋ ಪುಟ್ಟಾ, ಅದು ಇದ್ದಿದ್ರೆ ಸಿಕ್ಕಿರ್ತಿತ್ತು ತಾನೆ?"

ನಾನು ಸರಿಯಾಗಿ ನೋಡಿದ್ದರೂ ಸಿಗುತ್ತಿತ್ತು ಎಂಬ ಮಾತು ಅವನ ಗಂಟಲವರೆಗೆ ಬಂತು. ಹುಡುಗಿ ಕಾಯುತ್ತಿದ್ದಳು.

"ಹೂಂ ಅಕ್ಕಾ, ಸಿಕ್ಕಿರ್ತಿತ್ತು," ಎಂದ. ಸುಳ್ಳೇನಲ್ಲವಲ್ಲ.

ಅಕ್ಕ ಮಗಳ ಕೈ ಹಿಡಿದುಕೊಂಡು, "ನನ್ನಿಂದ ತಪ್ಪಾಯ್ತು ಕಣೇ," ಎಂದು ಅತ್ತಳು.